ಹೊಸ್ತಿಲು ಯಾರ ಕಾಲಿನ ಅಳತೆಗೆ?

ಸರ್ಕಾರದ ಕಡತಗಳಲ್ಲಿ ‘ಸಮನ್ವಯ ಶಿಕ್ಷಣ’ ಅಂತ ಒಂದು ಮಾತಿದೆ. ಕಣ್ಣು ಕಾಣದ, ಕಿವಿ ಕೇಳದ, ಕಾಲು ನಡೆಯದ, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳೂ ಊರಿನ ಎಲ್ಲ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕಲಿಯಬೇಕು ಅನ್ನೋದು ಅದರ ಅರ್ಥ. ಸಮನ್ವಯ ಅಂದ ಕೂಡಲೇ ನಮ್ಮಂಥವರಿಗೆ ಅನುಮಾನ ಹುಟ್ಟುತ್ತದೆ. ಈ ಪದವನ್ನು ನಾವು ಬೇರೆ ಕಡೆ ಬಹಳ ಸಲ ಕೇಳಿದ್ದೇವೆ. ತುಳಿದವನೂ ತುಳಿಸಿಕೊಂಡವನೂ ಕೈ ಕೈ ಹಿಡಿದು ನಿಲ್ಲಿ, ಜಗಳ ಯಾಕೆ, ಹೊಂದಿಕೊಂಡು ಹೋಗೋಣ ಅಂತ ಹೇಳಿದವರು ಸಾಹಿತ್ಯದಲ್ಲೂ ರಾಜಕೀಯದಲ್ಲೂ ಇದೇ ಪದ ಬಳಸಿದರು. ಹೊಂದಿಕೊಳ್ಳಬೇಕಾಗಿ ಬಂದದ್ದು ಮಾತ್ರ ಯಾವಾಗಲೂ ತುಳಿಸಿಕೊಂಡವನೇ. ಹಾಗಾಗಿ ಈ ಸಮನ್ವಯವನ್ನೂ ನಾವು ಅದೇ ಪ್ರಶ್ನೆಯಿಂದ ತಡೆದು ನಿಲ್ಲಿಸಬೇಕು. ಯಾರು ಯಾರಿಗೆ ಹೊಂದಿಕೊಳ್ಳಬೇಕು? ಮಗು ಶಾಲೆಗೋ, ಶಾಲೆ ಮಗುವಿಗೋ?

ಇದು ಇಲಾಖೆಯವರು, ಡಾಕ್ಟರುಗಳು, ತಜ್ಞರು ಯೋಚಿಸಬೇಕಾದ ವಿಷಯ, ಚಳವಳಿಗೆ ಇದರಲ್ಲೇನು ಕೆಲಸ ಅಂತ ಗೆಳೆಯರು ಕೇಳಬಹುದು. ಕೆಲಸ ಇದೆ. ಶಾಲೆಯ ಒಳಗಿದ್ದೂ ಹೊರಗಿರೋದು ಅಂದ್ರೆ ಏನು ಅನ್ನೋದನ್ನ ಈ ದೇಶದಲ್ಲಿ ನಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಾಲಕ ಭೀಮರಾವ್ ಸಾತಾರದ ಶಾಲೆಗೆ ದಾಖಲಾಗಿದ್ದ. ಹಾಜರಿ ಪುಸ್ತಕದಲ್ಲಿ ಹೆಸರಿತ್ತು. ಆದರೆ ಕೂರೋದಕ್ಕೆ ಮನೆಯಿಂದ ಗೋಣಿತಾಟು ತರಬೇಕಿತ್ತು, ಸಂಜೆ ಅದನ್ನ ಮನೆಗೇ ಹೊತ್ತುಕೊಂಡು ಹೋಗಬೇಕಿತ್ತು. ಬಾಯಾರಿದರೆ ಜವಾನ ಬಂದು ಮೇಲಿಂದ ನೀರು ಹೊಯ್ಯಬೇಕಿತ್ತು. ಜವಾನ ಇಲ್ಲದ ದಿನ ನೀರೂ ಇಲ್ಲ. ದಾಖಲಾತಿಯ ಲೆಕ್ಕ ನೋಡಿದರೆ ಆ ಮಗು ಶಾಲೆಯ ಒಳಗೇ ಇತ್ತು!

ಇವತ್ತು ಗಾಲಿಕುರ್ಚಿಯ ಮೇಲೆ ಕೂತ ಹೆಣ್ಣು ಮಗುವೊಂದು ಬೆಳಗಿನಿಂದ ಸಂಜೆತನಕ ಒಂದು ಗುಟುಕು ನೀರು ಕುಡಿಯದೆ ತರಗತಿಯಲ್ಲಿರುತ್ತದೆ. ಕುಡಿದರೆ ಉಚ್ಚೆಗೆ ಹೋಗಬೇಕು, ಶೌಚಾಲಯಕ್ಕೆ ನಾಲ್ಕು ಮೆಟ್ಟಿಲಿದೆ. ಯಾರೂ ಆ ಮಗುವನ್ನ ಮುಟ್ಟಬೇಡ ಅಂದಿಲ್ಲ, ಬೈದಿಲ್ಲ. ಹೆಸರು ರಿಜಿಸ್ಟರಿನಲ್ಲಿದೆ, ಬಿಸಿಯೂಟದ ಲೆಕ್ಕದಲ್ಲೂ ಇದೆ. ಆದರೂ ಬಾಯಾರಿಕೊಂಡು ಕೂತಿದೆ. ಒಂದು ಕಡೆ ಜಾತಿ ನೀರನ್ನ ತಡೆಯಿತು, ಇನ್ನೊಂದು ಕಡೆ ನಾಲ್ಕು ಮೆಟ್ಟಿಲು ತಡೆದವು. ಎರಡನ್ನೂ ಕಟ್ಟಿದ್ದು ಮನುಷ್ಯರೇ. ಕಟ್ಟುವಾಗ ಆ ಮಗು ಅವರ ಲೆಕ್ಕದಲ್ಲಿರಲಿಲ್ಲ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ. ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ. ದೇಶದ ಅಂಗವಿಕಲರಲ್ಲಿ ಹತ್ತಕ್ಕೆ ಏಳು ಮಂದಿ ಹಳ್ಳಿಯಲ್ಲಿದ್ದಾರೆ. ಅಕ್ಷರ ಬಲ್ಲವರು ಶೇಕಡಾ 55ರಷ್ಟು. ಅದೇ ಗಣತಿಯಲ್ಲಿ ಇನ್ನೊಂದು ಅಂಕಿ ಇದೆ, ಅದನ್ನ ಯಾರೂ ಎತ್ತಿ ಹೇಳೋದಿಲ್ಲ. ಪರಿಶಿಷ್ಟ ಜಾತಿಗಳ ಜನರಲ್ಲಿ ಅಂಗವಿಕಲರು ಶೇ 2.45. ಪರಿಶಿಷ್ಟ ಜಾತಿ, ಪಂಗಡ ಎರಡೂ ಅಲ್ಲದ ಉಳಿದವರಲ್ಲಿ ಶೇ 2.18. ಅಂತರ ಸಣ್ಣದು ಅನ್ನಿಸಬಹುದು. ಕೋಟಿಗಳ ಲೆಕ್ಕದಲ್ಲಿ ಅದು ಸಣ್ಣದಲ್ಲ. ಬಸುರಿಯ ಹೊಟ್ಟೆಗೆ ಅನ್ನ ಇಲ್ಲದಿದ್ದರೆ, ಹೆರಿಗೆಯ ಹೊತ್ತಿಗೆ ಆಸ್ಪತ್ರೆ ದೂರ ಇದ್ದರೆ, ಕಲ್ಲು ಒಡೆಯುವ, ಗುಂಡಿಗೆ ಇಳಿಯುವ ಕೆಲಸ ನಮ್ಮವರ ಪಾಲಿಗೇ ಬಂದರೆ, ಮೈ ಎಷ್ಟು ದಿನ ತಡೆದೀತು?

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಅನ್ನುವ ಹಳ್ಳಿಯ ಹೆಸರು ಒಂದು ಕಾಯಿಲೆಗೆ ಅಂಟಿಕೊಂಡಿದೆ. 1970ರ ದಶಕದ ನಡುವಿನಲ್ಲಿ ಅಲ್ಲಿ ಅದು ಹೊರಜಗತ್ತಿನ ಕಣ್ಣಿಗೆ ಬಿತ್ತು. ಸೊಂಟದ, ಮೊಣಕಾಲಿನ ಕೀಲುಗಳು ಸವೆದು ನೋವು ಶುರುವಾಗುತ್ತದೆ. ಬರಬರುತ್ತಾ ನೆಟ್ಟಗೆ ನಿಲ್ಲಲಾರದೆ ಮೈ ಬಗ್ಗಿ ಹೋಗುತ್ತದೆ. ಮಕ್ಕಳನ್ನೂ ಬಿಡುವುದಿಲ್ಲ. ಇದು ಹೆಚ್ಚಾಗಿ ಕಂಡದ್ದು ಮಲೆನಾಡಿನ ಗದ್ದೆ, ತೋಟಗಳಲ್ಲಿ ಕೂಲಿ ಮಾಡುವ ದಲಿತ ಕುಟುಂಬಗಳಲ್ಲಿ. ಮೊದಮೊದಲು ಕ್ರಿಮಿನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಬಂತು ಅಂತ ಅನುಮಾನಪಟ್ಟರು. ಆಮೇಲೆ ವಿಜ್ಞಾನಿಗಳು ಇದು ವಂಶದಲ್ಲಿ ಹರಿದು ಬರುವ ಕಾಯಿಲೆ ಅಂದರು. ಆಗಲಿ, ಕೀಲು ಸವೆಯೋದು ವಂಶದಿಂದ ಬಂದದ್ದೇ ಇರಬಹುದು. ಆ ಮಗುವಿನ ಮನೆಯಿಂದ ಶಾಲೆಗೆ ಗುಡ್ಡ ಹತ್ತಿ ಇಳಿಯಬೇಕು, ಹಳ್ಳ ದಾಟಬೇಕು, ಬಸ್ಸಿಲ್ಲ ಅನ್ನೋದು ವಂಶದಿಂದ ಬಂದದ್ದಲ್ಲ. ಅದು ಪಂಚಾಯ್ತಿಯಿಂದ, ತಾಲ್ಲೂಕು ಕಚೇರಿಯಿಂದ, ವಿಧಾನಸೌಧದಿಂದ ಬಂದದ್ದು. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನ ನಿಲ್ಲಿಸುವ ಹೊತ್ತಿಗೆ ಅಲ್ಲಿನ ಹಳ್ಳಿಗಳ ಎಷ್ಟೋ ಮಕ್ಕಳ ಮೈ ಮನಸ್ಸು ನಲುಗಿ ಹೋಗಿತ್ತು. ಅದನ್ನೂ ವಿಧಿ ಅನ್ನೋಣವೇ?

ವಿಧಿ ಅಂತಲೇ ಅಂದರು. ಕೇರಿಯಲ್ಲಿ ಹುಟ್ಟಿದ್ದಕ್ಕೂ ಕಣ್ಣಿಲ್ಲದೆ ಹುಟ್ಟಿದ್ದಕ್ಕೂ ಈ ನಾಡಿನಲ್ಲಿ ಒಂದೇ ಲೆಕ್ಕದ ಪುಸ್ತಕ. ಹೋದ ಜನ್ಮದಲ್ಲಿ ಮಾಡಿದ್ದನ್ನ ಈ ಜನ್ಮದಲ್ಲಿ ಉಣ್ಣು. ಮನುಸ್ಮೃತಿಯ ಹನ್ನೊಂದನೇ ಅಧ್ಯಾಯದಲ್ಲಿ ಯಾವ ಪಾಪಕ್ಕೆ ಯಾವ ಊನ ಅನ್ನುವ ಪಟ್ಟಿಯೇ ಇದೆ. ದೀಪದ ಕಳ್ಳತನಕ್ಕೆ ಕುರುಡು, ಕುದುರೆ ಕಳ್ಳತನಕ್ಕೆ ಕುಂಟು. ಒಂಬತ್ತನೇ ಅಧ್ಯಾಯಕ್ಕೆ ಹೋದರೆ ಹುಟ್ಟುಗುರುಡರಿಗೆ, ಕಿವುಡರಿಗೆ, ಮೂಗರಿಗೆ, ಬುದ್ಧಿ ಬೆಳೆಯದವರಿಗೆ ಆಸ್ತಿಯಲ್ಲಿ ಪಾಲಿಲ್ಲ. ಕೇರಿಯ ಗುಡಿಸಲಲ್ಲಿ ಕಣ್ಣಿಲ್ಲದೆ ಹುಟ್ಟಿದ ಕೂಸು ಯಾವ ಅರಮನೆಯ ದೀಪ ಕದ್ದಿತ್ತು ಸ್ವಾಮಿ?

1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಆ ಪುಸ್ತಕಕ್ಕೆ ಬೆಂಕಿ ಇಟ್ಟರು. ಆ ಬೆಂಕಿ ಅಸ್ಪೃಶ್ಯತೆಯ ಹಾಳೆಗಳನ್ನ ಮಾತ್ರ ಸುಡಲಿಲ್ಲ. ಆ ಪಟ್ಟಿಯ ಹಾಳೆಯೂ, ಪಾಲಿಲ್ಲ ಅಂದ ಹಾಳೆಯೂ ಅದೇ ಕಟ್ಟಿನಲ್ಲಿದ್ದವು. ಮಾರನೇ ವರ್ಷ, 1928ರಲ್ಲಿ, ಅಂಗವಿಕಲ ಅನ್ನುವ ಕಾರಣಕ್ಕೆ ಹಿಂದೂ ಕುಟುಂಬದ ಆಸ್ತಿ ತಪ್ಪಿಸಬಾರದು ಅಂತ ಒಂದು ಕಾಯ್ದೆ ಬಂತು. ಅದರಲ್ಲೂ ಹುಟ್ಟಿನಿಂದ ಬುದ್ಧಿಮಾಂದ್ಯರಾದವರನ್ನು ಹೊರಗೇ ಬಿಟ್ಟರು. ಮಹಾಡದ ಬೆಂಕಿಗೂ ಈ ಕಾಯ್ದೆಗೂ ನೇರ ಸಂಬಂಧ ಇದೆ ಅಂತ ನಾವು ಹೇಳುತ್ತಿಲ್ಲ. ಯಾವ ಪುಸ್ತಕ ನಮ್ಮನ್ನ ಊರಾಚೆ ಇಟ್ಟಿತೋ ಅದೇ ಪುಸ್ತಕ ಇವರನ್ನೂ ಮನೆಯೊಳಗೇ ಊರಾಚೆ ಇಟ್ಟಿತು ಅಂತ ಮಾತ್ರ ಹೇಳುತ್ತಿದ್ದೇವೆ.

ಕರ್ಮದ ಲೆಕ್ಕ ಎಷ್ಟು ಸುಳ್ಳು ಅನ್ನೋದಕ್ಕೆ ದೊಡ್ಡ ತರ್ಕ ಬೇಡ. ಪೋಲಿಯೊದಿಂದ ಕಾಲು ಬತ್ತಿಹೋದ ಮಕ್ಕಳು ಒಂದು ಕಾಲಕ್ಕೆ ಊರೂರಲ್ಲಿದ್ದರು. ಎಲ್ಲರಿಗೂ ಪೂರ್ವಜನ್ಮದ ಕತೆ ಕಟ್ಟಿದ್ದರು. ಮನೆಮನೆಗೆ ಹೋಗಿ ಕೂಸುಗಳ ಬಾಯಿಗೆ ಎರಡು ಹನಿ ಹಾಕಿದರು. 2014ರಲ್ಲಿ ಭಾರತ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಎರಡು ಹನಿಗೆ ಕರಗಿಹೋಗುವ ಪಾಪ ಅದೆಂಥ ಪಾಪ?

ಬೈಗುಳ ಹಳೆಯದಾದಾಗ ಹೊಗಳಿಕೆ ಬರುತ್ತದೆ. ನಮಗೆ ಹರಿಜನ ಅಂದರು. ದೇವರ ಮಕ್ಕಳು ಅಂದವರು ದೇವಸ್ಥಾನದ ಬಾಗಿಲು ತೆಗೆಯಲಿಲ್ಲ. ನಾವು ಆ ಹೆಸರನ್ನ ಬಿಸಾಡಿ, ತುಳಿತದ ನೆನಪು ಉಳಿಸುವ ‘ದಲಿತ’ ಅನ್ನುವ ಹೆಸರನ್ನ ನಾವೇ ಇಟ್ಟುಕೊಂಡೆವು. 2015ರ ಕೊನೆಗೆ ಪ್ರಧಾನಿಯವರು ಅಂಗವಿಕಲರನ್ನ ‘ದಿವ್ಯಾಂಗ’ ಅನ್ನಬೇಕು ಅಂದರು. ಇಲ್ಲದ ಕಣ್ಣಿನಲ್ಲಿ ದಿವ್ಯ ಏನಿದೆ? ದಿವ್ಯವಾದ ಕಾಲಿಗೆ ರ‍್ಯಾಂಪು ಯಾಕೆ ಬೇಕು ಅಂತ ನಾಳೆ ಎಂಜಿನಿಯರ್ ಕೇಳಿದರೆ ಏನು ಹೇಳೋಣ? ಆ ಹೆಸರು ಬೇಡ ಅಂತ ಅಂಗವಿಕಲರ ಸಂಘಟನೆಗಳೇ ಆವಾಗ ಹೇಳಿದವು. ಹೆಸರಿಡುವ ಅಧಿಕಾರ ಹೆಸರು ಹೊರುವವರದ್ದು. ಈ ಬರಹದಲ್ಲಿ ನಾವು ಅಂಗವಿಕಲ ಅನ್ನುವ ಹಳೆಯ ಮಾತನ್ನೇ ಬಳಸಿದ್ದೇವೆ. ಅವರು ಇದಕ್ಕಿಂತ ಸರಿಯಾದ ಮಾತು ಹೇಳಿದ ದಿನ ಅದನ್ನೇ ಬಳಸುತ್ತೇವೆ.

ಇಲ್ಲಿ ಒಂದು ಎಚ್ಚರ ಬೇಕು. ಎರಡು ನೋವೂ ಒಂದೇ ಅಂತ ಹೇಳಿಬಿಟ್ಟರೆ ಅದು ಸುಲಭದ ಮಾತಾಗುತ್ತದೆ. ಜಾತಿ ಪೂರಾ ಮನುಷ್ಯ ಮಾಡಿದ್ದು. ನಾಳೆ ಜಾತಿ ಅಳಿದರೆ ನಮ್ಮ ಮೈಯಲ್ಲಿ ಏನೂ ಕಡಿಮೆ ಇರೋದಿಲ್ಲ. ಆದರೆ ನಾಳೆ ಜಗತ್ತಿನ ಎಲ್ಲರ ಮನಸ್ಸಿನಿಂದ ತಿರಸ್ಕಾರ ಅಳಿದರೂ ಕಣ್ಣು ಕಾಣದ ಮಗುವಿಗೆ ಕರಿಹಲಗೆ ಕಾಣೋದಿಲ್ಲ. ಅದಕ್ಕೆ ಬ್ರೈಲ್ ಪುಸ್ತಕ ಬೇಕು. ಕನ್ನಡಕ್ಕೆ ಬ್ರೈಲ್ ಇದೆ. 1951ರಲ್ಲೇ ಭಾರತದ ಭಾಷೆಗಳಿಗೆಲ್ಲ ಒಂದೇ ಏರ್ಪಾಟಿನ ಭಾರತಿ ಬ್ರೈಲ್ ಬಂತು. ಅದನ್ನ ಕಲಿಸುವ ಮೇಷ್ಟ್ರು ಬೇಕು. ಅಂದರೆ ಇಲ್ಲಿ ಅವಮಾನ ನಿಲ್ಲಿಸಿದರೆ ಸಾಲದು, ಹೆಚ್ಚಿಗೆ ಏನಾದರೂ ಕೊಡಬೇಕು. ನ್ಯಾಯದ ಪ್ರಶ್ನೆ ಗಟ್ಟಿಯಾಗೋದು ಇಲ್ಲೇ. ಒಂದು ಮಗುವಿಗೆ ಹೆಚ್ಚಿಗೆ ಕೊಡೋದು ಸಮಾನತೆಯೋ, ದಾನವೋ?

ಈ ಪ್ರಶ್ನೆ ನಮಗೆ ಹೊಸದಲ್ಲ. ಮೀಸಲಾತಿ ಅಂದ ಕೂಡಲೇ ಯೋಗ್ಯತೆ ಅನ್ನುವ ಮಾತು ಎದ್ದು ನಿಲ್ಲುತ್ತದೆ. ‘ಎಲ್ಲರಿಗೂ ಒಂದೇ ಪರೀಕ್ಷೆ ಇಡಿ, ಗೆದ್ದವರು ಬರಲಿ’ ಅನ್ನುತ್ತಾರೆ. ಓಟ ಶುರುವಾಗೋದಕ್ಕೆ ಮುಂಚೆಯೇ ಅರ್ಧ ದಾರಿಯಲ್ಲಿ ನಿಂತವರು ಈ ಮಾತು ಆಡುತ್ತಾರೆ. 1975ರಲ್ಲಿ ಎನ್.ಎಂ. ಥಾಮಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮೀಸಲಾತಿಯು ಸಮಾನತೆಗೆ ಕೊಟ್ಟ ವಿನಾಯಿತಿ ಅಲ್ಲ, ಅದು ಸಮಾನತೆಯದೇ ಒಂದು ಮುಖ ಅನ್ನುವ ನಿಲುವಿಗೆ ಬಂತು. 2021ರ ಫೆಬ್ರವರಿಯಲ್ಲಿ ಅದೇ ಕೋರ್ಟಿನ ಮುಂದೆ ಕೈಬೆರಳು ಸೆಡೆತು ಬರೆಯಲಾಗದ ಒಬ್ಬ ಅಭ್ಯರ್ಥಿ ಬಂದ. ಪರೀಕ್ಷೆಯಲ್ಲಿ ತಾನು ಹೇಳಿದ್ದನ್ನ ಬರೆಯೋದಕ್ಕೆ ಒಬ್ಬರು ಬೇಕು ಅಂತ ಕೇಳಿದ್ದ. ಕೋರ್ಟು ಆ ಸೌಕರ್ಯ ದಯೆ ಅಲ್ಲ, ಸಮಾನತೆಯ ಭಾಗ ಅಂದಿತು. ಈ ಎರಡು ತೀರ್ಪುಗಳ ನಡುವೆ ನಲವತ್ತೈದು ವರ್ಷ ಇದೆ, ತರ್ಕ ಒಂದೇ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದು ಕೊಟ್ಟು, ಹಿಡಿಸದವನಿಗೆ ಮೈ ಸರಿ ಇಲ್ಲ ಅಂತ ಹೇಳೋದು ನ್ಯಾಯ ಅಲ್ಲ.

ಮೀಸಲಾತಿಗಾಗಿ ಈ ತರ್ಕ ಹಿಡಿದು ಹೋರಾಡಿದ ನಾವು ಅಂಗವಿಕಲ ಮಗುವಿನ ವಿಷಯ ಬಂದಾಗ ಬಾಯಿ ಮುಚ್ಚಿಕೊಂಡರೆ ಏನರ್ಥ? ‘ಅದು ಕಲಿತು ಏನು ಮಾಡಬೇಕಾಗಿದೆ?’ ಅನ್ನೋದು ನಮ್ಮ ಅಜ್ಜಂದಿರಿಗೆ ಗೌಡರು ಕೇಳಿದ ಪ್ರಶ್ನೆ. ಅದನ್ನೇ ಇವತ್ತು ಕೇರಿಯಲ್ಲಿ ನಿಂತುಕೊಂಡು ಇನ್ನೊಂದು ಕೂಸಿನ ಬಗ್ಗೆ ಕೇಳುವವರಿದ್ದಾರೆ. ಶ್ರೇಣೀಕೃತ ಅಸಮಾನತೆ ಅಂತ ಬಾಬಾಸಾಹೇಬರು ಇದನ್ನೇ ಕರೆದರು. ಮೇಲಿನವನ ತುಳಿತ ತಡಕೊಳ್ಳೋದಕ್ಕೆ ಕೆಳಗೆ ಒಬ್ಬನನ್ನ ಹುಡುಕಿಕೊಳ್ಳೋದು. ಕೇರಿಯೊಳಗೂ ಒಂದು ಕೇರಿ, ಗುಡಿಸಲೊಳಗೂ ಒಂದು ಮೂಲೆ.

ಕಾನೂನು ಇಲ್ಲದೆ ಇಲ್ಲ. ಇಂಥ ಮಕ್ಕಳು ಸಾಮಾನ್ಯ ಶಾಲೆಗೆ ಬರಬೇಕು ಅಂತ 1964–66ರ ಕೊಠಾರಿ ಆಯೋಗವೇ ಹೇಳಿತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕೊಂದು ಯೋಜನೆ ತಂದಿತು. 1995ರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣ ಅಂದಿತು. ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲಿ ಒಪ್ಪಿಗೆ ಹಾಕಿತು. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 7 ಬಗೆಯ ಅಂಗವೈಕಲ್ಯಗಳ ಪಟ್ಟಿಯನ್ನ 21ಕ್ಕೆ ಏರಿಸಿತು, ಉನ್ನತ ಶಿಕ್ಷಣದಲ್ಲಿ ಶೇ 5, ಸರ್ಕಾರಿ ಉದ್ಯೋಗದಲ್ಲಿ ಶೇ 4 ಮೀಸಲು ಇಟ್ಟಿತು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಅಂತ ಹೇಳಿತು. ನಮ್ಮ ತಾಲ್ಲೂಕುಗಳಲ್ಲಿ ಅಂಥ ಶಿಕ್ಷಕರು ಬೆರಳೆಣಿಕೆಯಷ್ಟು. ಬ್ಲಾಕ್ ಕೇಂದ್ರದಲ್ಲಿ ಕೂತು ನೂರಾರು ಹಳ್ಳಿ ನೋಡಿಕೊಳ್ಳಬೇಕು. ಸಂವಿಧಾನ ಅಸ್ಪೃಶ್ಯತೆಯನ್ನ 1950ರಲ್ಲೇ ರದ್ದು ಮಾಡಿತು ಅನ್ನೋದು ನೆನಪಿರುವವರಿಗೆ ಕಾನೂನಿನ ಸಾಲು ನೋಡಿ ಮೈಮರೆಯುವ ಕಾಯಿಲೆ ಬರಬಾರದು.

ಈ ಕಾನೂನುಗಳ ಒಳಗೇ ಒಂದು ಕಳ್ಳಬಾಗಿಲು ಇದೆ. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ತಂದು, ತೀವ್ರ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಕಲಿಯುವ ಹಕ್ಕನ್ನೂ ಆರಿಸಿಕೊಳ್ಳಬಹುದು ಅಂದರು. ಹಾಸಿಗೆ ಬಿಟ್ಟು ಏಳಲಾರದ ಮಗುವಿಗೆ ಅದು ಬೇಕೇ ಬೇಕು, ಇಲ್ಲ ಅನ್ನೋದಿಲ್ಲ. ಆದರೆ ಹಕ್ಕು ಅಂತ ಬರೆದದ್ದು ಊರಿಗೆ ಬಂದು ಮುಟ್ಟುವಾಗ ಬೇರೆ ಮಾತಾಗುತ್ತದೆ. ‘ಯಾಕವ್ವ ಸುಮ್ನೆ ದಿನಾ ಎತ್ಕೊಂಡು ಬರ್ತೀಯ, ಮನೆಗೇ ಬಂದು ಹೇಳ್ಕೊಡ್ತಾರಂತೆ, ಹೆಸರು ಇಲ್ಲೇ ಇರ್ತದೆ ಬಿಡು’ ಅಂತ ತಾಯಿಗೆ ಹೇಳಿ ಕಳಿಸುತ್ತಾರೆ. ಮನೆ ಅಂದ್ರೆ ಯಾರ ಮನೆ? ಹತ್ತು ವರ್ಷದ ಮಗನನ್ನ ಸೊಂಟದ ಮೇಲೆ ಹೊತ್ತುಕೊಂಡು ಬರುವ ಆ ತಾಯಿ ಕೂಲಿಗೆ ಹೋದರೆ ಸಂಜೆ ಒಲೆ ಹತ್ತುತ್ತದೆ. ಹೋಗದಿದ್ದರೆ ಇಲ್ಲ. ಮಗುವನ್ನ ಒಳಗೆ ಬಿಟ್ಟು ಬಾಗಿಲಿಗೆ ಚಿಲಕ ಹಾಕಿ ಹೋಗುತ್ತಾಳೆ. ವಾರಕ್ಕೋ ಹದಿನೈದು ದಿನಕ್ಕೋ ಬರುವ ಶಿಕ್ಷಕಿ ಆ ಚಿಲಕ ನೋಡಿ ವಾಪಸು ಹೋಗುತ್ತಾಳೆ. ಇಬ್ಬರು ಹೆಂಗಸರ ಮೇಲೂ ತಪ್ಪು ಹೊರಿಸಲಾಗದು. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆ ಅಂಗವಿಕಲ ಹೆಣ್ಣು ಮಗುವಿಗೆ ಗೊತ್ತುಮಾಡಿದ ಪ್ರೋತ್ಸಾಹಧನ ತಿಂಗಳಿಗೆ 200 ರೂಪಾಯಿ. ಅವ್ವನ ಒಂದು ದಿನದ ಕೂಲಿಗೂ ಅದು ಸಮ ಬರೋದಿಲ್ಲ.

ಮೇಷ್ಟ್ರುಗಳ ಮಾತನ್ನೂ ಕೇಳಬೇಕು. ‘ನೋಡ್ರಪ್ಪ, ನಾವಿರೋದು ಇಬ್ಬರು. ಐದು ತರಗತಿ. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಚುನಾವಣೆ, ಗಣತಿ. ಇದರ ಮೇಲೆ ಕಿವಿ ಕೇಳದ ಮಗುವಿಗೆ ಹೆಂಗೆ ಕಲಿಸೋಣ? ನಮಗೆ ಯಾರಾದ್ರೂ ಕಲಿಸಿದ್ರೆ ತಾನೆ ನಾವು ಕಲಿಸೋದು?’ ಇದು ನೆಪ ಅಲ್ಲ, ನಿಜ. ಸಮನ್ವಯ ಅನ್ನುವ ಹೆಸರಿನಲ್ಲಿ ಇಡೀ ಹೊರೆಯನ್ನ ಒಬ್ಬ ಹಳ್ಳಿ ಮೇಷ್ಟ್ರ ಹೆಗಲಿಗೆ ಹಾಕಿ, ರ‍್ಯಾಂಪಿನ ಫೋಟೋ ತೆಗೆದು ಕಳಿಸಿ ಅನ್ನುವ ಸರ್ಕಾರವನ್ನ ಮೇಷ್ಟ್ರೂ ಮಗುವಿನ ಅವ್ವನೂ ಸೇರಿ ಕೇಳಬೇಕೇ ಹೊರತು, ಒಬ್ಬರ ಮೇಲೊಬ್ಬರು ಮುನಿಸಿಕೊಳ್ಳಬಾರದು.

ಆದರೆ ಮೇಷ್ಟ್ರುಗಳಿಗೆ ಒಂದು ಮಾತು ನೆನಪಿಸಬೇಕು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ನಲಿ-ಕಲಿ ಶುರುವಾಯಿತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ನೆಲದ ಮೇಲೆ ಗುಂಪಾಗಿ ಕೂತು, ತಮ್ಮ ತಮ್ಮ ಕಾರ್ಡು ಹಿಡಿದು, ಕಲಿಕಾ ಏಣಿಯಲ್ಲಿ ತಾವು ನಿಂತ ಮೆಟ್ಟಿಲಿಂದ ಮುಂದಕ್ಕೆ ಹೋಗೋದು ಅದರ ಕ್ರಮ. ವಾರಗಟ್ಟಲೆ ಕೂಲಿಗೆ ಹೋಗಿ ಬಂದ ಮಗು ಬಿಟ್ಟ ಕಡೆಯಿಂದ ಹಿಡಿಯಬಹುದು. ಅದು ಹುಟ್ಟಿದ್ದು ಅಂಗವಿಕಲ ಮಕ್ಕಳಿಗಾಗಿ ಅಲ್ಲ. ಕಾಡಂಚಿನ, ಕೇರಿಯ, ಹಾಡಿಯ ಮೊದಲ ತಲೆಮಾರಿನ ಮಕ್ಕಳು ಕಲಿಯಬೇಕಾದ ಶಾಲೆಗಳಲ್ಲಿ. ಆ ಕ್ರಮವನ್ನ ಅರೆಮನಸ್ಸಿನಿಂದ ನಡೆಸಿದ ಶಾಲೆಗಳೂ ಇವೆ, ಒಪ್ಪುತ್ತೇವೆ. ಅದರ ಒಳಗಿನ ತಿಳಿವಳಿಕೆ ಮಾತ್ರ ದೊಡ್ಡದು. ಒಂದು ಕೊಠಡಿಯ ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪಾಠ ಒಂದೇ ವೇಗದಲ್ಲಿ ಕಲಿಯಬೇಕಾಗಿಲ್ಲ ಅಂತ ನಮ್ಮ ಸರ್ಕಾರಿ ಶಾಲೆ ಆವತ್ತೇ ಒಪ್ಪಿಕೊಂಡಿದೆ. ಹಾಗಿದ್ದಮೇಲೆ ನಿಧಾನವಾಗಿ ಕಲಿಯುವ ಮಗು ಶಾಲೆಗೆ ಹೊರೆ ಹೇಗಾಗುತ್ತದೆ? ಆ ಮಗುವಿಗಾಗಿ ತಾಳ್ಮೆಯಿಂದ ಇನ್ನೊಮ್ಮೆ ಹೇಳಿದ ಪಾಠ, ಮನೆಯಲ್ಲಿ ಅಕ್ಷರ ಬಲ್ಲವರಿಲ್ಲದ ಹತ್ತು ಮಕ್ಕಳಿಗೂ ದಕ್ಕುತ್ತದೆ. ಓಡುವವನಿಗೆ ಮಾತ್ರ ಕಲಿಸುವ ಶಾಲೆಯಲ್ಲಿ ನಮ್ಮ ಮಕ್ಕಳೂ ಉಳಿಯಲಿಲ್ಲ ಅನ್ನೋದು ಮರೆಯಬಾರದು.

ಹಾಗಾದರೆ ಪ್ರತ್ಯೇಕ ಶಾಲೆಗಳೆಲ್ಲ ತಪ್ಪೇ? ಇದು ಕಷ್ಟದ ಪ್ರಶ್ನೆ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ನಡೆಯಿತು. ಇನ್ನು ಮೇಲೆ ಸನ್ನೆಯ ಭಾಷೆ ಬೇಡ, ತುಟಿ ನೋಡಿ ಬಾಯಿಂದಲೇ ಮಾತಾಡುವುದನ್ನ ಕಲಿಸಬೇಕು ಅಂತ ಅಲ್ಲಿ ಠರಾವು ಮಾಡಿದರು. ಠರಾವು ಮಾಡಿದವರು ಹೆಚ್ಚೂ ಕಡಿಮೆ ಎಲ್ಲರೂ ಕಿವಿ ಕೇಳುವವರು. ಅಲ್ಲಿಂದ ಎಷ್ಟೋ ದೇಶಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಏಟು ಬಿತ್ತು. 130 ವರ್ಷದ ಮೇಲೆ, 2010ರಲ್ಲಿ, ಅದೇ ಸಮ್ಮೇಳನದ ಮುಂದುವರಿಕೆ ಕೆನಡಾದಲ್ಲಿ ಸೇರಿ ಆ ಠರಾವಿಗೆ ವಿಷಾದ ಹೇಳಿತು. ಕೇರಿಯ ಮಾತನ್ನ ಶಾಲೆಗೆ ತಂದದ್ದಕ್ಕೆ ಗ್ರಾಮ್ಯ, ಅಶುದ್ಧ ಅಂತ ಬೈಸಿಕೊಂಡ ನಮಗೆ ಇದು ಬಿಡಿಸಿ ಹೇಳಬೇಕಾದ ಕತೆ ಅಲ್ಲ. ಭಾರತದಲ್ಲೂ ಸನ್ನೆ ಭಾಷೆಯ ಸಂಶೋಧನೆಗೆ ಅಂತಲೇ ಒಂದು ಸರ್ಕಾರಿ ಕೇಂದ್ರ ದೆಹಲಿಯಲ್ಲಿ ಬಂದದ್ದು 2015ರಲ್ಲಿ. ಸನ್ನೆ ಬಲ್ಲವರು ಒಬ್ಬರೂ ಇಲ್ಲದ ತರಗತಿಯಲ್ಲಿ ಕಿವಿ ಕೇಳದ ಮಗುವನ್ನ ಕೂರಿಸಿ ಸಮನ್ವಯ ಆಯ್ತು ಅನ್ನೋದು ಸುಳ್ಳು. ಅದು ಗೋಣಿತಾಟಿನ ಮೇಲೆ ಕೂರಿಸಿದ ಹಾಗೆ. ಆ ಮಗುವಿಗೆ ತನ್ನ ಭಾಷೆಯವರು ಇರುವ ಶಾಲೆಯೇ ಬೇಕು ಅಂತ ಕಿವುಡ ಜನರೇ ಹೇಳಿದರೆ ನಾವು ತಲೆಬಾಗಿ ಕೇಳಬೇಕು.

ಪ್ರತ್ಯೇಕತೆಯಲ್ಲೂ ಎರಡು ಬಗೆ ಇದೆ. 1925ರಲ್ಲಿ ಸೊಲ್ಲಾಪುರದಲ್ಲಿ ಬಾಬಾಸಾಹೇಬರ ಸಂಘಟನೆ ನಮ್ಮ ಹುಡುಗರಿಗೆ ಅಂತ ಹಾಸ್ಟೆಲ್ ತೆರೆಯಿತು. ಅದು ಬೇರೆ ಇಡೋದಕ್ಕಲ್ಲ, ಊರಿನ ಶಾಲೆಗೆ ತಲೆಯೆತ್ತಿ ಹೋಗುವ ಬಲ ತುಂಬೋದಕ್ಕೆ. ನಾವೇ ಆರಿಸಿಕೊಂಡ ಮನೆ ಬೇರೆ, ನಮ್ಮನ್ನ ಹಾಕಿ ಬೀಗ ಹಾಕಿದ ಮನೆ ಬೇರೆ. ಯಾವುದು ಯಾವುದು ಅಂತ ತಿಳಿಯೋದಕ್ಕೆ ಒಂದೇ ಪರೀಕ್ಷೆ. ಎದುರಿಗಿನ ಶಾಲೆಯ ಬಾಗಿಲೂ ತೆರೆದಿತ್ತೇ? ತೆರೆದಿದ್ದೂ ಇದನ್ನ ಆರಿಸಿಕೊಂಡರೇ?

ಗದಗದ ವೀರೇಶ್ವರ ಪುಣ್ಯಾಶ್ರಮವನ್ನ ಈ ಕಣ್ಣಿನಿಂದ ನೋಡಬೇಕು. ಪಂಚಾಕ್ಷರ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಬೀದಿಪಾಲಾಗಬೇಕಿದ್ದ ಅಂಧ ಮಕ್ಕಳನ್ನ, ಬಡ ಮಕ್ಕಳನ್ನ ಜಾತಿ ಕೇಳದೆ ಕರೆದು ಅನ್ನ ಇಟ್ಟರು, ಸ್ವರ ಕೊಟ್ಟರು. ಆ ಕೆಲಸಕ್ಕೆ ನಾವು ಕೈ ಮುಗಿಯುತ್ತೇವೆ. ನಮ್ಮ ಪ್ರಶ್ನೆ ಆಶ್ರಮಕ್ಕೆ ಅಲ್ಲ, ಸರ್ಕಾರಕ್ಕೆ. ಊರಿನ ಶಾಲೆ ಬಾಗಿಲು ಹಾಕಿಕೊಂಡಿದೆ ಅನ್ನುವ ಕಾರಣಕ್ಕೆ ಕಣ್ಣಿಲ್ಲದವನಿಗೆ ಹಾರ್ಮೋನಿಯಂ ಒಂದೇ ಗತಿ, ಕುರ್ಚಿ ಹೆಣೆಯೋದು ಒಂದೇ ಗತಿ ಅಂತಾದರೆ, ಹುಟ್ಟಿನಿಂದ ಕಸುಬು ಗೊತ್ತು ಮಾಡುವ ಆ ಏರ್ಪಾಟಿಗೆ ಏನು ಹೆಸರು ಅಂತ ನಮಗೆ ಗೊತ್ತಿದೆ. ಸಂಗೀತ ಬೇಕಾದವನು ಸಂಗೀತ ಕಲಿಯಲಿ. ಗಣಿತ ಬೇಕಾದ ಅಂಧ ಹುಡುಗಿಗೆ ಗಣಿತದ ಬ್ರೈಲ್ ಪುಸ್ತಕ ತಂದುಕೊಡುವವರು ಯಾರು?

ನಮ್ಮ ಮಾತಿನಲ್ಲೂ ಮಾಡುವ ಕೆಲಸ ಇದೆ. ಚಳವಳಿಯ ವೇದಿಕೆಗಳಲ್ಲಿ ಕುರುಡು ಸರ್ಕಾರ, ಕಿವುಡು ಅಧಿಕಾರಿ, ಕುಂಟು ನೆಪ ಅನ್ನುವ ಮಾತು ಧಾರಾಳವಾಗಿ ಹರಿಯುತ್ತದೆ. ಅಧಿಕಾರಿಗೆ ಎರಡು ಕಣ್ಣೂ ಚೆನ್ನಾಗಿವೆ. ಕಂಡೂ ಕಾಣದ ಹಾಗೆ ಇರ್ತಾನೆ. ಅದಕ್ಕೆ ಕುರುಡು ಅನ್ನಬಾರದು, ಕೊಬ್ಬು ಅನ್ನಬೇಕು. ನಮ್ಮ ಜಾತಿಯ ಹೆಸರನ್ನ ಬೈಗುಳವಾಗಿ ಬಳಸಿದಾಗ ರಕ್ತ ಕುದಿಯುವ ನಮಗೆ, ಇನ್ನೊಬ್ಬರ ಮೈಯನ್ನ ಬೈಗುಳ ಮಾಡಿಕೊಳ್ಳುವ ಅಗತ್ಯ ಇಲ್ಲ. ಬೈಯೋದಕ್ಕೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ.

ಇನ್ನು ಕೆಲಸದ ಮಾತು. ಪ್ರತಿ ಶಾಲೆಗೂ ಎಸ್.ಡಿ.ಎಂ.ಸಿ. ಇದೆ. ಅದರಲ್ಲಿ ನಮ್ಮ ಜನರೂ ಇದ್ದಾರೆ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಎತ್ತಬಹುದು. ನಮ್ಮ ಶಾಲೆಯ ರಿಜಿಸ್ಟರಿನಲ್ಲಿ ಎಷ್ಟು ಅಂಗವಿಕಲ ಮಕ್ಕಳ ಹೆಸರಿದೆ, ಅವರಲ್ಲಿ ಎಷ್ಟು ಮಂದಿ ದಿನಾ ಬರ್ತಾರೆ? ಶೌಚಾಲಯದವರೆಗೆ, ನೀರಿನ ನಲ್ಲಿಯವರೆಗೆ ಗಾಲಿಕುರ್ಚಿ ಹೋಗುತ್ತದೆಯೇ? ತಾಲ್ಲೂಕಿನ ವಿಶೇಷ ಶಿಕ್ಷಕರು ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಬಂದರು? ಉತ್ತರ ಬರದಿದ್ದರೆ ಬ್ಲಾಕ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಹತ್ತು ರೂಪಾಯಿಯ ಖರ್ಚು. ಓದುತ್ತಿರುವ ಗೆಳೆಯರು ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ ಜೊತೆಗಿರುವ ಅಂಗವಿಕಲ ವಿದ್ಯಾರ್ಥಿಗಳನ್ನ ಕಮಿಟಿಗೆ ಕರೆಯಬೇಕು. ಅವರ ಪರವಾಗಿ ಮಾತಾಡೋದಕ್ಕೆ ಅಲ್ಲ, ಅವರು ಮಾತಾಡಲಿ ಅಂತ.

ಮೇ ಕೊನೆಗೆ ಶಾಲೆಗಳು ತೆರೆಯುತ್ತವೆ. ದಾಖಲಾತಿಗೆ ಅಂತ ಮೇಷ್ಟ್ರುಗಳು ಮನೆಮನೆಗೆ ಬರ್ತಾರೆ. ಆವತ್ತು ಅವರ ಜೊತೆ ನಾವೂ ಹೋಗೋಣ. ‘ಸ್ಕೂಲಿಗೆ ಹೋಗೋ ಮಕ್ಕಳು ಇದಾರಾ?’ ಅಂತ ಕೇಳಿದರೆ ಅವ್ವಂದಿರು ಇರೋ ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯೋದಿಲ್ಲ. ‘ಮನೇಲಿ ಎಷ್ಟು ಮಕ್ಕಳವ್ವ, ಒಳಗೆ ಯಾರಾದ್ರೂ ಇದಾರಾ?’ ಅಂತ ಕೇಳಬೇಕು.